ವಾರ್ಡ್ ಸದಸ್ಯರು ಸ್ಪಂದಿಸದಿದ್ದರೆ: ಫೋನು, ಮನೆ ಬಾಗಿಲು, ಮನವಿ, ಆರ್‌ಟಿಐ

ಹಳೇ ದಾವಣಗೆರೆಯ ನಮ್ಮ ಗಲ್ಲಿಯಲ್ಲಿ ಯುಜಿಡಿ (ಒಳಚರಂಡಿ) ಚೇಂಬರ್ ಮಳೆಗಾಲ ಶುರುವಾದಾಗಿನಿಂದ ಉಕ್ಕುತ್ತಿತ್ತು. ಕೊಳಚೆ ನೀರು ನೇರ ಪಕ್ಕದ ಮನೆ ಅಕ್ಕನ ಹೊಸ್ತಿಲಿಗೆ. ಅವರು ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಎದ್ದು ಮೊದಲು ಬಾಗಿಲ ನೀರು ಬಳಿದು, ಆಮೇಲೆ ಒಲೆ ಹಚ್ಚಬೇಕು. ವಾರ್ಡ್ ಸದಸ್ಯರಿಗೆ ಹೇಳಿ ಹೇಳಿ ಸಾಕಾಗಿತ್ತು. ಅವರ ಹೆಸರು, ವಾರ್ಡ್ ನಂಬರ್ ಇಲ್ಲಿ ಬೇಡ. ನಾನು ಹಿಡಿದ ನಾಲ್ಕು ದಾರಿಗಳಲ್ಲಿ ಯಾವುದು ಎಷ್ಟು ಕೆಲಸಕ್ಕೆ ಬಂತು ಅಂತ ಬರೆಯುತ್ತೇನೆ.

ಮೊದಲು ಫೋನು. ಮೂರು ವಾರದಲ್ಲಿ 11 ಸಲ ಮಾಡಿದೆ. ಎರಡು ಸಲ ಎತ್ತಿದರು. ಎರಡೂ ಸಲ "ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡಿ" ಅಂದರು. ವಾಟ್ಸಾಪಿನಲ್ಲಿ ಫೋಟೊ ಹಾಕಿದೆ, ನೀಲಿ ಟಿಕ್ ಬಂತು, ಅಷ್ಟೇ. ಆದರೆ ಯಾವತ್ತು ಹೇಳಿದೆ ಅನ್ನುವ ತಾರೀಖು ಮೊಬೈಲಿನಲ್ಲಿ ಉಳಿಯಿತು. ಅದು ಮುಂದೆ ಕೆಲಸಕ್ಕೆ ಬಂತು.

ಆಮೇಲೆ ಬೆಳಿಗ್ಗೆ ಏಳಕ್ಕೇ ಅವರ ಮನೆಗೆ ಹೋದೆ. ಫೋನಿಗಿಂತ ಇದು ಎಷ್ಟೋ ವಾಸಿ. ಎದುರಿಗೆ ನಿಂತರೆ ಮಾತಾಡಲೇಬೇಕು ಅಲ್ವಾ? ಕೂರಿಸಿ ಚಹಾ ಕೊಟ್ಟರು. ಮರುದಿನ ಒಬ್ಬ ಹುಡುಗ ಬಂದು ಬಿದಿರು ಗಳದಿಂದ ಕುಕ್ಕಿ ಹೋದ. ಎರಡು ದಿನ ನೀರು ಇಳಿಯಿತು, ಮೂರನೇ ದಿನ ಮತ್ತೆ ಉಕ್ಕಿತು. ನನಗೆ ಬೇಸರವಾಗಿದ್ದು ಇನ್ನೊಂದಕ್ಕೆ. ಇದು ಪರಿಚಯ, ಪುರುಸೊತ್ತು ಎರಡೂ ಇದ್ದವರ ದಾರಿ. ಆ ಹೊತ್ತಿಗೆ ಅಕ್ಕ ಭಟ್ಟಿಯಲ್ಲಿರುತ್ತಾರೆ. ಹೋಗದಿದ್ದರೆ ಅವತ್ತಿನ ಕೂಲಿ ಹೋಯಿತು. ಓಟು ನನ್ನದೂ ಒಂದೇ, ಅವರದೂ ಒಂದೇ.

ಮೂರನೆಯದು ಲಿಖಿತ ಮನವಿ. ನನ್ನ ಮಟ್ಟಿಗೆ ಗೆದ್ದಿದ್ದು ಇದೇ. ಮಹಾನಗರ ಪಾಲಿಕೆಯಲ್ಲಿ ಕೆಲಸ ಮಾಡಿಸುವ ಅಧಿಕಾರ ಇರುವುದು ಆಯುಕ್ತರ ಕೈಯಲ್ಲಿ. ಸದಸ್ಯರು ಸಭೆಯಲ್ಲಿ ಪ್ರಶ್ನೆ ಎತ್ತಬಹುದು, ಒತ್ತಾಯ ಮಾಡಬಹುದು. ಅದಕ್ಕೇ ಮನವಿಯನ್ನು ಆಯುಕ್ತರಿಗೆ ಬರೆದು, ಸದಸ್ಯರಿಗೆ ಪ್ರತಿ ಕೊಟ್ಟೆ. (ನಗರಸಭೆ ಇರುವ ಊರಿನವರು ಪೌರಾಯುಕ್ತರಿಗೆ ಬರೆಯಬೇಕು.) ಒಂದೇ ಪುಟ. ಎಲ್ಲಿ, ಎಷ್ಟು ದಿನದಿಂದ, ಸದಸ್ಯರಿಗೆ ಯಾವ ಯಾವ ತಾರೀಖಿಗೆ ಹೇಳಿದ್ದೇವೆ, ಏನು ಆಗಬೇಕು. ಬೈಗುಳ ಒಂದೂ ಇಲ್ಲ. ಸಂಜೆ 27 ಮನೆ ಸುತ್ತಿ ಸಹಿ ಹಾಕಿಸಿದೆ. ಅಕ್ಕ ಕಾಗದವನ್ನು ತೊಡೆ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ಒತ್ತಿ ಒತ್ತಿ ಪೂರ್ತಿ ಹೆಸರು ಬರೆದರು. ಅಲ್ಲಿ ಪೆನ್ನಿನ ಗುರುತು ಕಾಗದದ ಹಿಂದೆಯೂ ಎದ್ದಿತ್ತು.

ಮನವಿಯನ್ನು ಸುಮ್ನೆ ಕೊಟ್ಟು ಬರಬೇಡಿ. ಜೆರಾಕ್ಸ್ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಆ ಸ್ವೀಕೃತಿ ಇಲ್ಲದಿದ್ದರೆ ನೀವು ಕೊಟ್ಟಿದ್ದೇ ಇಲ್ಲ ಅಂತ ಲೆಕ್ಕ.

ಒಂಬತ್ತನೇ ದಿನ ಸದಸ್ಯರೇ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿತ್ತು.

"ಏನಣ್ಣ, ನಂಗೇ ಒಂದು ಮಾತು ಹೇಳಬಹುದಿತ್ತಲ್ಲ?"

ನಾನು ಮೊಬೈಲ್ ನೋಡಿ ಫೋನ್ ಮಾಡಿದ ತಾರೀಖುಗಳನ್ನು ಒಂದೊಂದಾಗಿ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡು ದಿನ ಬಿಟ್ಟು, ಜೋರಾಗಿ ನೀರು ಹಾಯಿಸಿ ಕಟ್ಟಿದ ಪೈಪು ಬಿಡಿಸುವ ಜೆಟ್ಟಿಂಗ್ ಗಾಡಿ ಬಂತು. ಜೊತೆಗೆ ಅವರೂ ಬಂದು ನಿಂತರು. ಇದನ್ನು ಹೇಳಲೇಬೇಕು.

ನಾಲ್ಕನೆಯದು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಚೇಂಬರ್ ಸರಿಹೋದರೂ ಮುಂದಿನ ಚರಂಡಿಯ ಒಡೆದ ಸ್ಲ್ಯಾಬ್ ಹಾಗೇ ಇತ್ತು. ಹಾಗಾಗಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. "ಸದಸ್ಯರು ಯಾಕೆ ಬರುತ್ತಿಲ್ಲ?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ದಾಖಲೆ ಕೇಳಬೇಕು: ನಮ್ಮ ಮನವಿಯ ಮೇಲೆ ತೆಗೆದುಕೊಂಡ ಕ್ರಮದ ಪ್ರತಿ, ಆ ಬೀದಿಯ ಚರಂಡಿ ಕಾಮಗಾರಿಯ ಆದೇಶದ ಪ್ರತಿ. ಉತ್ತರಕ್ಕೆ 30 ದಿನ ಗಡುವು. ಮನೆ ಮುಂದೆ ಕೊಳಚೆ ಹರಿಯುವಾಗ ಅಷ್ಟು ದಿನ ಜಾಸ್ತಿ. ಆದರೆ ಮನವಿ ಕೊಟ್ಟು ತಿಂಗಳಾದರೂ ಕೆಲಸ ಆಗದಿದ್ದಾಗ ಇದಕ್ಕಿಂತ ಗಟ್ಟಿ ದಾರಿ ನನಗೆ ಕಾಣಲಿಲ್ಲ.

ಬೀದಿ ದೀಪ, ಕಸದಂಥ ದೂರಿಗೆ ಸರ್ಕಾರದ 1902 ಸಹಾಯವಾಣಿ ಇದೆ. ಕೆಲವರು ಲೋಕಾಯುಕ್ತಕ್ಕೆ ಹೋಗು ಅಂದರು. ಅಲ್ಲಿಗೆ ನಿಗದಿತ ನಮೂನೆ, ಪ್ರಮಾಣಪತ್ರ (ಅಫಿಡವಿಟ್) ಎಲ್ಲ ಬೇಕು. ಯಾರಾದರೂ ಲಂಚ ಕೇಳಿದರೆ ಖಂಡಿತ ಹೋಗುತ್ತೇನೆ. ಫೋನ್ ಎತ್ತಲಿಲ್ಲ ಅನ್ನುವುದಕ್ಕೆ ಆ ಬಾಗಿಲು ಬೇಡ ಅನ್ನಿಸಿತು.

ಸ್ಲ್ಯಾಬಿಗೆ ಈಗ ಎರಡನೇ ಮನವಿ ಬರೆದಿಟ್ಟಿದ್ದೇನೆ. ಅಕ್ಕ ನಿನ್ನೆಯೇ ಮೊದಲ ಸಹಿ ಹಾಕಿ ಕೊಟ್ಟರು.