ಮೂರು ಕೆ.ಜಿ. ಬೇಸ್ ಗಿಟಾರ್, ಎರಡು ವರ್ಷದ ನಂತರ: ಬೆನ್ನಿಗೆ ಹಗುರ, ಎಡಗೈಗೆ ಭಾರ

ಮೊನ್ನೆ ಪ್ರಾಕ್ಟೀಸ್ ಮುಗಿದ ಮೇಲೆ ನಮ್ಮ ಡ್ರಮ್ಮರ್ ಕೇಳಿದ: "ಏನೋ, ಈಗೀಗ ಸೊಂಟ ಹಿಡ್ಕೊಂಡು ಕೂರೋದೇ ಬಿಟ್ಟಿದ್ದೀಯಲ್ಲ?" ಅವನು ಕೇಳುವವರೆಗೂ ನನಗೆ ಹೊಳೆದಿರಲಿಲ್ಲ. ಮೂರು ಗಂಟೆ ನಿಂತು ನುಡಿಸಿದ್ದೆ. ಬೇಸನ್ನು ಹೆಗಲಿಂದ ಇಳಿಸಿ, ಬಗ್ಗಿ ಕೇಬಲ್ ಸುತ್ತುತ್ತಿದ್ದೆ. ಎರಡು ವರ್ಷದ ಹಿಂದೆ ಆ ಹೊತ್ತಿಗೆ ಬಗ್ಗುವ ಮಾತೇ ಇರಲಿಲ್ಲ. ಆಂಪ್ ಮೇಲೆ ಕೈ ಊರಿಕೊಂಡು ಸುಮ್ನೆ ನಿಂತುಬಿಡುತ್ತಿದ್ದೆ.

ಬೆನ್ನುನೋವಿನಿಂದ ಹಗುರ ಬೇಸ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಳ್ಳುವ ಮುಂಚೆ ನನಗೆ ಯಾರೂ ಹೇಳದೇ ಇದ್ದ ವಿಷಯ ಒಂದಿದೆ. ಅದನ್ನು ತಿಳಿಯಲು ನನಗೆ ಮೂರು ವಾರ ಬೇಕಾಯಿತು.

ನನ್ನ ಹಳೆಯ ಬೇಸ್ ಆ್ಯಶ್ ಮರದ್ದು. ತೂಕ 4.6 ಕೆ.ಜಿ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗಿನಿಂದ ಬೇಸ್ ಅಂದರೆ ಗಟ್ಟಿ ಮರದ ಹಲಗೆ, 34 ಇಂಚಿನ ಸ್ಕೇಲ್ (ಕಂಪಿಸುವ ತಂತಿಯ ಉದ್ದ), ಎಡಗೈ ಓಡಾಡುವ ಉದ್ದ ನೆಕ್, ತುದಿಯ ತಲೆಯಲ್ಲಿ ತಂತಿ ಬಿಗಿಸುವ ದಪ್ಪ ಟ್ಯೂನರ್‌ಗಳು ಅಂತಾಗಿದೆ. ನಾಲ್ಕು, ನಾಲ್ಕೂವರೆ ಕೆ.ಜಿ. ಅಂದರೆ ಯಾರಿಗೂ ಆಶ್ಚರ್ಯವಿಲ್ಲ. ಕೈಯಲ್ಲಿ ಎತ್ತಿ ನೋಡಿದರೆ ಅದೇನೂ ದೊಡ್ಡ ಭಾರ ಅನ್ನಿಸುವುದಿಲ್ಲ. ಆದರೆ ಅಷ್ಟೂ ಒಂದೇ ಹೆಗಲ ಮೇಲೆ ಗಂಟೆಗಟ್ಟಲೆ ನೇತಾಡುತ್ತದೆ. ಎಡಹೆಗಲು ಕೆಳಗೆ ಬೀಳದಿರಲಿ ಅಂತ ಮೈ ತಾನಾಗಿಯೇ ಬಲಕ್ಕೆ ವಾಲುತ್ತದೆ, ಸೊಂಟದ ಒಂದೇ ಬದಿ ಬಿಗಿಯುತ್ತದೆ. ನನಗೆ ಆಗಿದ್ದೂ ಹಾಗೇ. (ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಬೇಸ್ ಆಮೇಲೆ ನೋಡಿಕೊಳ್ಳಬಹುದು.)

ಹುಡುಕಾಟದ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊದಲು ಮನಸ್ಸು ಹೋಗಿದ್ದು ಪಿಟೀಲಿನ ಆಕಾರದ ಬೇಸ್ ಕಡೆಗೆ. 1956ರಲ್ಲಿ ಬಂದ ಹಾಫ್ನರ್ 500/1 ಅದರ ಮೂಲ. ಒಳಗೆ ಪೊಳ್ಳು, ಸ್ಕೇಲ್ 30 ಇಂಚು. ಹೆಗಲಿಗೆ ಹಾಕಿಕೊಂಡರೆ ಹಾಕಿಕೊಂಡ ಹಾಗೇ ಅನ್ನಿಸುವುದಿಲ್ಲ. ಆದರೆ ನನ್ನ ಬೆರಳುಗಳಿಗೆ 34 ಇಂಚು ರೂಢಿಯಾಗಿಬಿಟ್ಟಿದೆ. ನಮ್ಮ ತಂಡದ ಹಾಡುಗಳಿಗೆ ಆ ದುಂಡನೆಯ, ಬೇಗ ಅಡಗುವ ಸದ್ದು ಹೊಂದಲಿಲ್ಲ. ಆಮೇಲೆ ಹೆಡ್‌ಲೆಸ್. ನೆಡ್ ಸ್ಟೈನ್‌ಬರ್ಗರ್ ದಾರಿ ತೋರಿಸಿದ ಮೇಲೆ ಬಂದ ತಲೆಯಿಲ್ಲದ ಬೇಸ್‌ಗಳವು. ಟ್ಯೂನರ್‌ಗಳೆಲ್ಲ ಬಾಡಿಯ ಕಡೆಗೇ ಇರುತ್ತವೆ. ಒಂದನ್ನು ಅರ್ಧ ಗಂಟೆ ನುಡಿಸಿ ನೋಡಿದೆ, ಬಹಳ ಇಷ್ಟವಾಯಿತು. ಒಳ್ಳೆಯದೊಂದನ್ನು ಕೊಳ್ಳುವಷ್ಟು ಜೇಬು ಗಟ್ಟಿ ಇರಲಿಲ್ಲ. ಇದ್ದಿದ್ದರೆ ಈ ವಿಮರ್ಶೆ ಬೇರೆಯೇ ಆಗಿರುತ್ತಿತ್ತು.

ಕೊನೆಗೆ ಕೊಂಡಿದ್ದು ಪೌಲೋನಿಯಾ ಮರದ ಬಾಡಿ ಇರುವ, ನಾಲ್ಕು ತಂತಿಯ, 34 ಇಂಚಿನ ಸಾಮಾನ್ಯ ಆಕಾರದ ಬೇಸ್. ಪೌಲೋನಿಯಾ ತುಂಬ ಹಗುರದ ಮರ. ಬೇಸ್‌ಗಳಲ್ಲಿ ಹೆಚ್ಚಾಗಿ ಕಾಣುವ ಆಲ್ಡರ್ ಒಂದು ಘನ ಮೀಟರಿಗೆ ಸುಮಾರು 450 ಕೆ.ಜಿ. ತೂಗಿದರೆ ಇದು 300ರ ಆಸುಪಾಸು. ಅಂಗಡಿಯಲ್ಲಿ ಒಂದೇ ಮಾಡೆಲ್‌ನ ಎರಡು ಬೇಸ್ ಇದ್ದವು. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಒಯ್ದಿದ್ದೆ. ಒಂದು 3.7 ಬಂತು, ಇನ್ನೊಂದು 3.2. ಅರ್ಧ ಕೆ.ಜಿ. ವ್ಯತ್ಯಾಸ! ಮರ ಅಂದರೆ ಹಾಗೇ, ಒಂದು ಹಲಗೆಯ ಹಾಗೆ ಇನ್ನೊಂದಿಲ್ಲ. ಅದಕ್ಕೇ ಮಾಡೆಲ್ ಹೆಸರು ಹೇಳಿದರೂ ನಿಮಗೆ ಜಾಸ್ತಿ ಉಪಯೋಗವಿಲ್ಲ. ತಕ್ಕಡಿ ಒಯ್ಯಿರಿ.

ಪಿಕಪ್, ನಾಬ್, ಬಣ್ಣ ಇವೆಲ್ಲ ಎಲ್ಲ ಕಡೆ ಓದಿರುತ್ತೀರಿ, ಬಿಡುತ್ತೇನೆ.

ಮೊದಲ ವಾರ ಹಬ್ಬ. ಹೆಗಲ ಮೇಲಿಂದ ಯಾರೋ ಕೈ ತೆಗೆದ ಹಾಗಿತ್ತು. ಎರಡನೇ ವಾರ ಎಡ ಮಣಿಕಟ್ಟು ಸಣ್ಣಗೆ ನೋಯತೊಡಗಿತು. ಹೊಸ ನೆಕ್ ಅಲ್ವಾ, ರೂಢಿಯಾಗುತ್ತದೆ ಅಂದುಕೊಂಡೆ. ಮೂರನೇ ವಾರ ನಿಧಾನ ಗತಿಯ ಒಂದು ಹಾಡಿನಲ್ಲಿ ಪುಟ ತಿರುಗಿಸಲು ಎಡಗೈ ಬಿಟ್ಟೆ. ನೆಕ್ ಸರ್ರನೆ ಕೆಳಗಿಳಿದು ಮೈಕ್ ಸ್ಟ್ಯಾಂಡಿಗೆ ಬಡಿಯಿತು. ಅವತ್ತು ಅರ್ಥವಾಯಿತು. ಇಷ್ಟು ದಿನ ನೆಕ್ಕನ್ನು ನಾನು ಎತ್ತಿ ಹಿಡಿದುಕೊಂಡೇ ನುಡಿಸುತ್ತಿದ್ದೆ.

ಬೇಸ್ ಬಳಸುವವರು ಇದನ್ನು ನೆಕ್ ಡೈವ್ ಅನ್ನುತ್ತಾರೆ. ಸ್ಟ್ರಾಪ್ (ಹೆಗಲ ಪಟ್ಟಿ) ಸಿಕ್ಕಿಸುವ ಮುಂದಿನ ಬಟನ್ ತಕ್ಕಡಿಯ ನಡುವಿನ ಮುಳ್ಳಿದ್ದ ಹಾಗೆ. ಒಂದು ಕಡೆ ಬಾಡಿ, ಇನ್ನೊಂದು ಕಡೆ ನೆಕ್ ಮತ್ತು ತಲೆ. ಬಾಡಿಯ ಮರ ಹಗುರ ಮಾಡಿದರು, ಸರಿ. ನೆಕ್ ಅದೇ ಮೇಪಲ್, ಟ್ಯೂನರ್ ಅದೇ ದಪ್ಪ ಉಕ್ಕು. ತಲೆ ಗೆದ್ದಿತು. ಹಳೆಯ ಬೇಸ್‌ನಲ್ಲಿ ಆ ಭಾರದ ಬಾಡಿಯೇ ನೆಕ್ಕನ್ನು ಎತ್ತಿ ಹಿಡಿಯುತ್ತಿತ್ತು. ನಾನು ಬೈಯುತ್ತಿದ್ದ ಅದೇ ಭಾರ!

ಈಗ ನಿಜವಾಗಿಯೂ ಬೇಜಾರಾಯಿತು. ಬೆನ್ನುನೋವು ಕೊಟ್ಟು ಕೈನೋವು ಕೊಂಡ ಹಾಗಾಯಿತಲ್ಲ ಅಂತ. ಎಡಗೈ ಫ್ರೆಟ್ (ನೆಕ್ಕಿಗೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಮೇಲೆ ಆರಾಮಾಗಿ ಓಡಾಡಬೇಕು. ಅದರ ಮೇಲೆ ನೆಕ್ ಹೊರುವ ಕೆಲಸ ಬಿದ್ದರೆ ಹೆಬ್ಬೆರಳು ಒತ್ತಿ ಹಿಡಿಯುತ್ತದೆ, ಒಂದು ಜಾಗದಿಂದ ಇನ್ನೊಂದಕ್ಕೆ ಜಾರುವುದು ತಡವಾಗುತ್ತದೆ. ಹಾಡಿನ ಲಯದಲ್ಲೇ ಅದು ಗೊತ್ತಾಗುತ್ತದೆ. ತಿರುಗಿ ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿದ್ದೆ.

ಮಾರುವ ಮುಂಚೆ ಒಂದು ಪ್ರಯೋಗ ಮಾಡಿದೆ. ಚಿಲ್ಲರೆ ಕಾಸು ತುಂಬಿದ ಸಣ್ಣ ಬಟ್ಟೆಚೀಲವನ್ನು ಬಾಡಿಯ ಹಿಂದಿನ ಬಟನ್‌ಗೆ ಕಟ್ಟಿದೆ. ಒಂದೊಂದೇ ಹಿಡಿ ಕಾಸು ಹಾಕುತ್ತ ಎರಡೂ ಕೈ ಬಿಟ್ಟು ನೋಡಿದೆ. ಸುಮಾರು 300 ಗ್ರಾಂ ಆದಾಗ ನೆಕ್ ಬೀಳುವುದು ನಿಂತಿತು. ನೆಲಕ್ಕೆ ಸಮವಾಗಿ, ಗಾಳಿಯಲ್ಲಿ ತೇಲುವ ಹಾಗೆ ನಿಂತುಕೊಂಡಿತು. ಆ ನೋಟ ನೋಡಿ ಎಷ್ಟು ಖುಷಿಯಾಯಿತೆಂದರೆ ಒಂದೈದು ನಿಮಿಷ ಹಾಗೇ ಕೈ ಚಾಚಿಕೊಂಡು ನಿಂತಿದ್ದೆ. ಆದರೆ ತೂಕ ಇಳಿಸಲು ಹೊರಟವನು ತೂಕ ಸೇರಿಸುವುದು ಸರಿಯಲ್ಲ. ತಲೆಯಲ್ಲೇ ಕಡಿಮೆ ಮಾಡಬೇಕು. ಮುಂದಿನ ಬಟನ್‌ನಿಂದ ತಲೆ ತುಂಬ ದೂರ ಇದೆ. ಹಾಗಾಗಿ ಅಲ್ಲಿ ಕಡಿಮೆಯಾಗುವ ಒಂದೊಂದು ಗ್ರಾಮೂ ಚೆನ್ನಾಗಿ ಕೆಲಸ ಮಾಡುತ್ತದೆ.

ಹಗುರ ಟ್ಯೂನರ್‌ಗಳನ್ನು ತರಿಸಿದೆ. ಹಳೆಯವು ನಾಲ್ಕೂ ಸೇರಿ 390 ಗ್ರಾಂ, ಹೊಸವು 230. ಅಡುಗೆಮನೆಯ ತಕ್ಕಡಿಯಲ್ಲಿ ನಾನೇ ತೂಗಿದ್ದು. ತಲೆಯ ತೂತಿನ ಅಳತೆ ನೋಡಿಕೊಂಡೇ ತರಿಸಿ, ಎಲ್ಲ ಟ್ಯೂನರ್ ಎಲ್ಲ ಬೇಸ್‌ಗೆ ಕೂರುವುದಿಲ್ಲ. ಜೊತೆಗೆ ನಾಲ್ಕು ಇಂಚು ಅಗಲದ, ಒಳಬದಿ ಒರಟು ಚರ್ಮ ಇರುವ ಸ್ಟ್ರಾಪ್ ತಗೊಂಡೆ. ನುಣುಪಾದ ನೈಲಾನ್ ಸ್ಟ್ರಾಪ್ ಅಂಗಿಯ ಮೇಲೆ ಜಾರಿ ನೆಕ್ ಬೀಳಲು ದಾರಿ ಮಾಡಿಕೊಡುತ್ತದೆ. ಒರಟು ಚರ್ಮ ಹಿಡಿದು ನಿಲ್ಲಿಸುತ್ತದೆ. ಈ ಎರಡೂ ಸೇರಿ ರೋಗ ವಾಸಿಯಾಯಿತು. ಈಗ ಇಡೀ ಬೇಸ್ 3.04 ಕೆ.ಜಿ. ಎಡಗೈ ಬಿಟ್ಟರೆ ನೆಕ್ ಒಂದಿಷ್ಟು ಇಳಿದು ನಿಲ್ಲುತ್ತದೆ, ಬೀಳುವುದಿಲ್ಲ.

ಇನ್ನೊಂದು ಲಾಭ ನಿರೀಕ್ಷೆ ಮಾಡದೇ ಬಂತು. ಈ ಬೇಸ್‌ನ ಜಿ ತಂತಿಯ ಐದನೇ ಫ್ರೆಟ್‌ನಲ್ಲಿ ಸ್ವರ ನಿಲ್ಲುತ್ತಿರಲಿಲ್ಲ, ಮೀಟಿದ ಕೂಡಲೇ ಅಡಗುತ್ತಿತ್ತು. ಡೆಡ್ ಸ್ಪಾಟ್ ಅನ್ನುತ್ತಾರಲ್ಲ, ಅದು. ತಂತಿಯ ಕಂಪನಕ್ಕೆ ಸರಿಯಾಗಿ ನೆಕ್ ಕೂಡ ಕಂಪಿಸಿ ಶಕ್ತಿ ಹೀರಿಕೊಳ್ಳುವುದು ಇದಕ್ಕೆ ಕಾರಣ. ತಲೆ ಹಗುರಾದ ಮೇಲೆ ನೆಕ್ ಕಂಪಿಸುವ ವೇಗ ಏರಿತು, ಡೆಡ್ ಸ್ಪಾಟ್ ಒಂದು ಫ್ರೆಟ್ ಮೇಲಕ್ಕೆ ಸರಿಯಿತು. ಐದನೇ ಫ್ರೆಟ್ ಸಿ ಸ್ವರ, ನನಗೆ ದಿನವೂ ಬೇಕು. ಆರನೆಯದು ಸಿ ಶಾರ್ಪ್, ನಮ್ಮ ಹಾಡುಗಳಲ್ಲಿ ಅಪರೂಪ. ಈಗ ಆ ಸಿ ಮೀಟಿ ಸುಮ್ನೆ ಕೇಳುತ್ತ ಕೂರುತ್ತೇನೆ. ಉದ್ದಕ್ಕೆ ನಿಲ್ಲುತ್ತದೆ, ಕೊನೆಗೆ ಎದೆಗೆ ತಾಗಿದ ಬಾಡಿಯಲ್ಲಿ ಮಾತ್ರ ಉಳಿದಿರುತ್ತದೆ. ಹಗುರ ಮರ ಮೈಗೆ ಹೀಗೆ ಕಂಪನ ದಾಟಿಸುವುದು ನನಗೆ ತುಂಬ ಪ್ರಿಯವಾದ ಸಂಗತಿ. ಹಳೆಯ ಬೇಸ್‌ನಲ್ಲಿ ಇದು ಇರಲಿಲ್ಲ.

ಸಂಜೆಯ ಅಭ್ಯಾಸ ಈಗ ಹೀಗೆ. ಗೋಡೆಯ ಕೊಕ್ಕೆಯಿಂದ ಒಂದೇ ಕೈಯಲ್ಲಿ ಇಳಿಸುತ್ತೇನೆ. ಸ್ಟ್ರಾಪ್ ಹಾಕಿ, ಎರಡೂ ಕೈ ಬಿಟ್ಟು, ಹತ್ತು ಉಸಿರು ಎಣಿಸುತ್ತೇನೆ. ಎರಡೂ ಹೆಗಲು ಒಂದೇ ಎತ್ತರದಲ್ಲಿವೆಯಾ ಅಂತ ಕಿಟಕಿ ಗಾಜಿನಲ್ಲಿ ನೋಡುತ್ತೇನೆ. ಆಮೇಲೆ ದಪ್ಪ ಇ ತಂತಿಯಿಂದ ಶ್ರುತಿ. ಮುಗಿದ ಮೇಲೆ ಹಳೇ ಹತ್ತಿ ಬಟ್ಟೆಯಲ್ಲಿ ಒಂದೊಂದೇ ತಂತಿ ಒರೆಸಿ ಮತ್ತೆ ಗೋಡೆಗೆ. ಮೊದಲೆಲ್ಲ ಬ್ಯಾಗ್ ಜಿಪ್ ತೆರೆದು ಆ ಭಾರ ಎತ್ತಬೇಕಲ್ಲ ಅಂತಲೇ ಎಷ್ಟೋ ಸಂಜೆ ಅಭ್ಯಾಸ ತಪ್ಪಿಸಿದ್ದೆ.

ದೂರು ಇನ್ನೂ ಒಂದಿದೆ. ಪೌಲೋನಿಯಾ ಮೆತ್ತನೆಯ ಮರ. ಉಗುರು ಒತ್ತಿದರೆ ಬಣ್ಣದ ಕೆಳಗೆ ತಗ್ಗು ಬೀಳುತ್ತದೆ. ಅದು ಪರವಾಗಿಲ್ಲ. ಆದರೆ ಎಂಟನೇ ತಿಂಗಳಲ್ಲಿ ಹಿಂದಿನ ಸ್ಟ್ರಾಪ್ ಬಟನ್ ಸ್ಕ್ರೂ ಸಮೇತ ಕಿತ್ತು ಬಂತು. ನಿಂತು ನುಡಿಸುವಾಗಲೇ. ಬಾಡಿ ತೊಡೆಗೆ ತಾಗಿ ನಿಂತಿದ್ದರಿಂದ ಉಳಿಯಿತು. ಇಂಥ ಮೆತ್ತನೆ ಮರಕ್ಕೆ ಇಷ್ಟು ಗಿಡ್ಡ ಸ್ಕ್ರೂ ಹಾಕಿ ಕಳಿಸಿದ್ದು ತಯಾರಕರ ಅಸಡ್ಡೆ, ಇದನ್ನು ನಾನು ಇನ್ನೂ ಕ್ಷಮಿಸಿಲ್ಲ. ತೂತಿಗೆ ಮರದ ಅಂಟು ಹಚ್ಚಿದ ಹಲ್ಲುಕಡ್ಡಿಗಳನ್ನು ಬಿಗಿಯಾಗಿ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಉದ್ದನೆಯ ಸ್ಕ್ರೂ ಹಾಕಿದೆ. ಆಮೇಲೆ ಅಲ್ಲಾಡಿಲ್ಲ. ನೀವು ಹಗುರ ಮರದ್ದು ಕೊಂಡರೆ ಮೊದಲ ದಿನವೇ ಎರಡೂ ಬಟನ್‌ಗಳ ಸ್ಕ್ರೂ ಬಿಚ್ಚಿ ನೋಡಿ.

ಕೊಳ್ಳುವವರು ಅಂಗಡಿಯಲ್ಲಿ ಕೂತು ನೋಡಬೇಡಿ. ನಿಮ್ಮ ಸ್ಟ್ರಾಪ್ ಒಯ್ದು, ನಿಂತು, ಎಡಗೈ ಬಿಡಿ. ಬಾಡಿಯ ಮೇಲಿನ ಕೊಂಬು (ನೆಕ್ ಕಡೆಗೆ ಚಾಚಿದ ತುದಿ, ಮುಂದಿನ ಬಟನ್ ಇರುವುದು ಅಲ್ಲೇ) ಎಲ್ಲಿಯವರೆಗೆ ಬಂದಿದೆ ನೋಡಿ. 12ನೇ ಫ್ರೆಟ್ ಹತ್ತಿರ ಬಂದಿದ್ದರೆ ಒಳ್ಳೆಯ ಸೂಚನೆ. ಗಿಡ್ಡ ಕೊಂಬಿನ, ಗಿಬ್ಸನ್ ಕಂಪನಿಯ ಎಸ್‌ಜಿ ಗಿಟಾರಿನ ಆಕಾರದ ಬೇಸ್‌ಗಳು ತಲೆ ತಗ್ಗಿಸುವುದಕ್ಕೆ ಹೆಸರುವಾಸಿ. ಐದು ತಂತಿಯದ್ದಾದರೆ ತಲೆಯಲ್ಲಿ ಇನ್ನೊಂದು ಟ್ಯೂನರ್ ಜಾಸ್ತಿ ಅನ್ನುವುದು ನೆನಪಿರಲಿ. ಟ್ಯೂನರ್ ಬದಲಿಸುವಷ್ಟು ಹಣವನ್ನು ಬೇಸ್‌ನ ಬೆಲೆಯ ಜೊತೆಗೇ ಎತ್ತಿಡಿ.

ಹಳೆಯ ಬೇಸ್ ಮಾರಿಲ್ಲ. ರೆಕಾರ್ಡಿಂಗ್ ಇದ್ದಾಗ ಕುರ್ಚಿ ಮೇಲೆ ಕೂತು, ತೊಡೆ ಮೇಲಿಟ್ಟುಕೊಂಡು ನುಡಿಸುತ್ತೇನೆ. ಹಾಗೆ ಕೂತಾಗ ಅದರ ನೆಕ್ ಇಟ್ಟಲ್ಲೇ ಇರುತ್ತದೆ.