ಹಳೆ ಸ್ಕೂಲ್ ಬಸ್ ಮನೆಗೆ ತರುವುದು: ಓಡಿಸಿಕೊಂಡೋ, ಟ್ರೇಲರ್ ಮೇಲೋ, ಎಳೆಸಿಕೊಂಡೋ?

ಅಮೆರಿಕದಲ್ಲಿ ಶಾಲೆಗಳು ಹರಾಜಿಗೆ ಬಿಡುವ ಹಳದಿ ಬಸ್ಸು ಕೈಗೆ ಸಿಕ್ಕಾಗ ಅದು ನಿಂತಿರುವುದು ಮನೆಯಿಂದ ನೂರಾರು ಮೈಲಿ ಆಚೆಗೆ. ತರಲು ಮೂರು ದಾರಿ: ಓಡಿಸಿಕೊಂಡು ಬರುವುದು, ಟ್ರೇಲರ್ ಮೇಲೆ ಹೇರಿಸುವುದು, ಟೋ ಟ್ರಕ್ಕಿನಲ್ಲಿ ಎಳೆಸುವುದು. ಮೂರೂ ಬಗೆಯಲ್ಲಿ ಬಸ್ ತಂದ ಮೇಲೆ ನಮ್ಮ ಒಲವು ಓಡಿಸಿಕೊಂಡು ಬರುವುದರ ಕಡೆಗೇ. ಬಸ್ಸನ್ನು ಓಡಾಡುವ ಮನೆಯಾಗಿ ಮಾರ್ಪಡಿಸಲು ವಾರಾನುಗಟ್ಟಲೆ ಒಳಗಡೆ ಮರಗೆಲಸ ಮಾಡುವ ಮುಂಚೆ ಇಂಜಿನ್, ಬ್ರೇಕು, ಗೇರ್‌ಬಾಕ್ಸ್ ಎಂಥವು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಎಲ್ಲ ಬಸ್ಸಿಗೂ ಈ ಮಾತು ಸಲ್ಲದು. ದೂರ ಎಷ್ಟು ಎನ್ನುವ ಮೊದಲು ಗೇರ್‌ಬಾಕ್ಸ್ ಯಾವುದು, ಹಿಂದಿನ ಆಕ್ಸಲ್ ರೇಶಿಯೋ (ಚಕ್ರ ಒಂದು ಸುತ್ತು ಹಾಕಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ) ಎಷ್ಟು, ಟೈರ್ ಯಾವ ವರ್ಷದ್ದು ಎಂದು ಕೇಳಿ.

ಲೆಕ್ಕ ಸುಲಭ. 11ಆರ್22.5 ಟೈರ್ ಒಂದು ಮೈಲಿಗೆ ಸುಮಾರು 500 ಸುತ್ತು ಹಾಕುತ್ತದೆ. ಗಂಟೆಗೆ 60 ಮೈಲಿ ಎಂದರೆ ನಿಮಿಷಕ್ಕೊಂದು ಮೈಲಿ, ಅಂದರೆ ನಿಮಿಷಕ್ಕೆ 500 ಸುತ್ತು. ಅದನ್ನು ಆಕ್ಸಲ್ ರೇಶಿಯೋದಿಂದ ಗುಣಿಸಿ: 5.29 ಇದ್ದರೆ ಇಂಜಿನ್ನಿಗೆ 2645 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 4.44 ಇದ್ದರೆ 2220. ಹೆಚ್ಚಿನ ಬಸ್ ಡೀಸೆಲ್‌ ಇಂಜಿನ್ನುಗಳನ್ನು ಗವರ್ನರ್ (ವೇಗ ಮಿತಿಯಲ್ಲಿಡುವ ಸಾಧನ) 2500-2600ರ ಆಸುಪಾಸಿನಲ್ಲೇ ತಡೆಯುತ್ತದೆ. ಹಾಗಾಗಿ 5.29ರ ಬಸ್ಸು ನೇರ (1:1) ಟಾಪ್ ಗೇರಿನಲ್ಲಿ 60 ಮುಟ್ಟುವುದೇ ಕಷ್ಟ, 50ರಲ್ಲಿ ಮಾತ್ರ ನೆಮ್ಮದಿ. ಅದೇ ಆಕ್ಸಲ್ ಇದ್ದರೂ ಆಲಿಸನ್ 2000 ಗೇರ್‌ಬಾಕ್ಸಿನ ಐದನೇ ಗೇರು 0.74 ಆದ್ದರಿಂದ 60ಕ್ಕೆ 1957 ಆರ್‌ಪಿಎಂ ಸಾಕು.

ಆಲಿಸನ್ ಕಂಪನಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ನಡುವೆ ಆಯ್ಕೆ ಇದ್ದರೆ ಎಟಿ545 ಕೊನೆಗಿರಲಿ. ನಾಲ್ಕೇ ಗೇರು, ಅದರ ಮೇಲೆ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಆಗುವುದಿಲ್ಲ. ಏರಿನಲ್ಲಿ ಕನ್ವರ್ಟರ್ ಜಾರಿ ಎಣ್ಣೆ ಕಾಯುತ್ತದೆ, ಇಳಿಜಾರಿನಲ್ಲಿ ಇಂಜಿನ್ ಹಿಡಿತವೂ ಅಷ್ಟಕ್ಕಷ್ಟೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸಮತಟ್ಟಾದ ಇಂಡಿಯಾನಾ, ಇಲಿನಾಯ್ ಕಡೆ ಅದು ಚೆನ್ನಾಗಿಯೇ ಓಡುತ್ತದೆ. ಟೆನೆಸ್ಸಿಯ ಮಾಂಟೀಗಲ್ ಇಳಿಜಾರಿಗೋ ಕೊಲರಾಡೋದ ಐ-70 ಘಟ್ಟಕ್ಕೋ ಅದನ್ನು ಹತ್ತಿಸಬೇಡಿ, ಸುತ್ತು ದಾರಿಯೇ ವಾಸಿ. ಎಂಟಿ643ಕ್ಕೂ ನಾಲ್ಕೇ ಗೇರು, ಆದರೆ ಕನ್ವರ್ಟರ್ ಲಾಕ್ ಆಗುತ್ತದೆ, ಘಟ್ಟದಲ್ಲಿ ನಂಬಬಹುದು. ಓವರ್‌ಡ್ರೈವ್ (1ಕ್ಕಿಂತ ಕಡಿಮೆ ಅನುಪಾತದ ಮೇಲಿನ ಗೇರು) ಇರುವ 2000 ಅಥವಾ ಎಂಡಿ3060 ಸಿಕ್ಕರೆ ದೂರದ ಚಿಂತೆಯೇ ಬೇಡ.

ಟ್ರೇಲರ್ ವಿಷಯದಲ್ಲಿ ಜನ ಎಡವುವುದು ಎತ್ತರದಲ್ಲಿ. ದೊಡ್ಡ ಬಸ್ಸು ಹತ್ತೂವರೆ ಅಡಿ. ಸಾಮಾನ್ಯ ಫ್ಲಾಟ್‌ಬೆಡ್ ನೆಲದಿಂದ 5 ಅಡಿ ಇದ್ದರೆ ಒಟ್ಟು 15 ಅಡಿ 6 ಅಂಗುಲ. ಹೆಚ್ಚಿನ ರಾಜ್ಯಗಳ ಮಿತಿ 13 ಅಡಿ 6 ಅಂಗುಲ. ಹಿಂಭಾಗ ತಗ್ಗಾಗಿರುವ ಸ್ಟೆಪ್‌ಡೆಕ್ ಟ್ರೇಲರಿನ ಮೇಲೂ ನಾಲ್ಕೈದು ಅಂಗುಲ ಮೀರುತ್ತದೆ. ಉಳಿಯುವುದು 2 ಅಡಿ ಎತ್ತರದ ಲೋಬಾಯ್ ಟ್ರೇಲರ್, ಆದರೆ ಅದರ ತಗ್ಗಿನ ಭಾಗ ಸಾಮಾನ್ಯವಾಗಿ 30 ಅಡಿಯ ಒಳಗೇ. ಆದ್ದರಿಂದ ಗಿಡ್ಡ ಬಸ್ಸಿಗೆ ಲೋಬಾಯ್ ಒಪ್ಪುತ್ತದೆ, 40 ಅಡಿಯದಕ್ಕೆ ಉದ್ದ ಹೆಚ್ಚಿಸುವ ಟ್ರೇಲರ್ ಹುಡುಕಬೇಕು, ಬಾಡಿಗೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಸರಪಳಿ ಬಿಗಿಯುವುದು ಆಕ್ಸಲ್ಲಿಗೇ, ಬಂಪರಿಗಲ್ಲ. ಚಾವಣಿಯ ಹ್ಯಾಚುಗಳಿಗೆ ಟೇಪ್ ಹಾಕದಿದ್ದರೆ ಗಾಳಿಗೆ ಕಿತ್ತುಕೊಂಡು ಹೋಗುತ್ತವೆ.

ಎಳೆಸುವುದು ಇಂಜಿನ್ ಸತ್ತ ಬಸ್ಸಿಗೆ ಮಾತ್ರ, ಅದೂ ಹತ್ತಿರದ ದಾರಿಗೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಪಂಪು ಇಂಜಿನ್ನಿನಿಂದ ತಿರುಗುವುದು. ಇಂಜಿನ್ ನಿಂತು ಚಕ್ರ ಮಾತ್ರ ಉರುಳಿದರೆ ಒಳಗೆ ಎಣ್ಣೆ ಹರಿಯದೆ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಹಿಂದಿನ ಜಾಯಿಂಟಿನಲ್ಲಿ ಬಿಚ್ಚಿ ಮೇಲಕ್ಕೆ ಕಟ್ಟಲೇಬೇಕು. ಬಿಚ್ಚಿದ ಕೂಡಲೇ ಜಾಯಿಂಟಿನ ಎರಡು ಬೇರಿಂಗ್ ಕಪ್ಪುಗಳ ಸುತ್ತ ಟೇಪ್ ಸುತ್ತಿ. ಕಪ್ಪು ಬಿದ್ದರೆ ಸೂಜಿಯಂಥ ರೋಲರುಗಳು ಮಣ್ಣಿನಲ್ಲಿ ಚೆಲ್ಲಾಪಿಲ್ಲಿ. ಏರ್ ಬ್ರೇಕಿನ ಬಸ್ಸಾದರೆ ಗಾಳಿ ಇಲ್ಲದೆ ಹಿಂಚಕ್ರ ಬಿಡುವುದಿಲ್ಲ. ಟೋ ಟ್ರಕ್ಕಿನಿಂದ ಗಾಳಿ ಕೊಡಿಸಬೇಕು, ಇಲ್ಲವೇ ಬ್ರೇಕ್ ಚೇಂಬರಿನ ಸ್ಪ್ರಿಂಗನ್ನು ಬೋಲ್ಟ್ ಹಾಕಿ ಹಿಂದಕ್ಕೆಳೆಯಬೇಕು.

ಓಡಿಸುವುದೇ ಸರಿ ಎಂದರೆ ಹೊರಡುವ ಮುನ್ನ ಅರ್ಧ ದಿನ ಡಿಪೋದಲ್ಲೇ ಕಳೆಯಿರಿ. ಏರ್ ಬ್ರೇಕಿನ ಬಸ್ಸಾದರೆ ಚಕ್ರಕ್ಕೆ ಅಡ್ಡ ಕೊಟ್ಟು, ಬ್ರೇಕ್ ಗಾಳಿ ಪೂರ್ತಿ ತುಂಬುವವರೆಗೆ (120 ಪಿಎಸ್‌ಐ ಮೇಲೆ) ಇಂಜಿನ್ ಓಡಿಸಿ ಆಫ್ ಮಾಡಿ. ಪಾರ್ಕಿಂಗ್ ಬ್ರೇಕ್ ಬಿಟ್ಟು ಒಂದು ನಿಮಿಷ ಗೇಜ್ ನೋಡಿ: ಇಳಿಕೆ 2 ಪಿಎಸ್‌ಐ ದಾಟಬಾರದು. ಪೆಡಲ್ ತುಳಿದು ಹಿಡಿದು ಇನ್ನೊಂದು ನಿಮಿಷ: 3 ದಾಟಬಾರದು. ಆಮೇಲೆ ಪೆಡಲ್ ಒತ್ತಿ ಒತ್ತಿ ಗಾಳಿ ಖಾಲಿ ಮಾಡುತ್ತಾ ಹೋಗಿ. 60ರ ಸುಮಾರಿಗೆ ಬಜರ್ ಕೂಗಬೇಕು, 45ರಿಂದ 20ರೊಳಗೆ ಪಾರ್ಕಿಂಗ್ ಬ್ರೇಕಿನ ಹಳದಿ ಗುಂಡಿ ತಾನೇ ಹೊರಗೆ ಹಾರಬೇಕು. ಹೈಡ್ರಾಲಿಕ್ ಬ್ರೇಕಿನ ಬಸ್ಸಾದರೆ ಇಂಜಿನ್ ಆಫ್ ಇದ್ದಾಗ ಪೆಡಲ್ ತುಳಿಯಿರಿ, ಬ್ಯಾಕಪ್ ಮೋಟಾರಿನ ಗುಂಯ್ ಸದ್ದು ಕೇಳಬೇಕು. ಸದ್ದಿಲ್ಲದಿದ್ದರೆ ಆ ಬಸ್ಸು ಅಲ್ಲೇ ನಿಲ್ಲಲಿ.

ಟೈರಿನ ಪಕ್ಕದಲ್ಲಿ ‘DOT’ ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2316 ಎಂದರೆ 2016ರ 23ನೇ ವಾರ. ಹೂವು (ರಸ್ತೆ ಕಚ್ಚುವ ಗೀರುಗಳು) ಎಷ್ಟೇ ಆಳ ಇದ್ದರೂ ಹತ್ತು ವರ್ಷದ ಟೈರು ಮುಂಚಕ್ರದಲ್ಲಿ ಬೇಡ. ಹಿಂದೆ ಒಂದು ಸಿಡಿದರೆ ಜೋಡಿ ಟೈರು ಬಸ್ಸನ್ನು ತಡೆಹಿಡಿಯುತ್ತದೆ, ಮುಂದೆ ಸಿಡಿದರೆ ಸ್ಟೀರಿಂಗೇ ಹೋದಂತೆ.

ಸ್ಟಾರ್ಟರ್ ತಿರುಗದಿದ್ದರೆ ಬ್ಯಾಟರಿ ಬಿಚ್ಚುವ ಮೊದಲು ಹಿಂಬಾಗಿಲ ಚಿಲಕ ನೋಡಿ. ಎಮರ್ಜೆನ್ಸಿ ಬಾಗಿಲು ಬೀಗ ಹಾಕಿದ್ದರೆ ಇಂಜಿನ್ ಶುರುವಾಗದಂತೆ ಎಷ್ಟೋ ಬಸ್ಸುಗಳಲ್ಲಿ ಸ್ವಿಚ್ ಇರುತ್ತದೆ.

ವಿಮೆ ಮತ್ತು ತಾತ್ಕಾಲಿಕ ನಂಬರ್ ಪ್ಲೇಟ್ ಹೊರಡುವ ಮೊದಲೇ ಕೈಯಲ್ಲಿರಲಿ. ಸ್ವಂತ ಬಳಕೆಗೆ ಸಿಡಿಎಲ್ (ವಾಣಿಜ್ಯ ವಾಹನ ಚಾಲನಾ ಪರವಾನಗಿ) ಬೇಕೋ ಬೇಡವೋ ಎಂಬುದು ರಾಜ್ಯಕ್ಕೊಂದು ಬಗೆ. ನಿಮ್ಮ ರಾಜ್ಯದ ಡಿಎಂವಿಯಲ್ಲಿ (ವಾಹನ ನೋಂದಣಿ ಕಚೇರಿ) ಕೇಳಿ, ಬೇಕೆಂದರೆ ಸಿಡಿಎಲ್ ಇರುವ ಚಾಲಕನನ್ನು ಗೊತ್ತುಮಾಡಿಕೊಂಡು ನೀವು ಪಕ್ಕದಲ್ಲಿ ಕೂತು ಬನ್ನಿ. ‘ಸ್ಕೂಲ್ ಬಸ್’ ಅಕ್ಷರಗಳನ್ನು ಹಿಂದೆ ಮುಂದೆ ಎರಡೂ ಕಡೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಮುಚ್ಚಿ, ಸ್ಟಾಪ್ ಫಲಕ ಮತ್ತು ಕೆಂಪು ದೀಪಗಳ ಫ್ಯೂಸ್ ಕಿತ್ತುಬಿಡಿ.

600 ಮೈಲಿಗೆ ಗ್ಯಾಲನ್ನಿಗೆ 8 ಮೈಲಿಯಂತೆ 75 ಗ್ಯಾಲನ್ ಡೀಸೆಲ್ ಬೇಕು. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ತಿಂಗಳುಗಟ್ಟಲೆ ನಿಂತ ಬಸ್ಸಿನ ತಳದ ಕೆಸರು ಫಿಲ್ಟರಿಗೆ ಬರುವುದು ಆಗಲೇ. ಏರಿನಲ್ಲಿ ಇಂಜಿನ್ ಸೊರಗಿದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಎರಡು ಹೊಸ ಫಿಲ್ಟರ್, ಅದಕ್ಕೆ ತಕ್ಕ ಸ್ಪ್ಯಾನರ್, ಎರಡು ಗ್ಯಾಲನ್ ಕೂಲಂಟ್ ಜೊತೆಗಿರಲಿ. ಹೊರಟು 20 ಮೈಲಿಗೆ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎಲ್ಲ ಹಬ್ಬುಗಳ ಬಿಸಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ತೀರ ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಒಣಗಿದೆ ಎಂದರ್ಥ, ಟೋ ಟ್ರಕ್ಕಿಗೆ ಫೋನ್ ಮಾಡುವ ಹೊತ್ತು ಅದೇ. ಎಲ್ಲವೂ ಒಂದೇ ಸಮ ಇದ್ದರೆ ಮುಂದಿನ ನಿಲುಗಡೆ 50 ಮೈಲಿಗೆ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು ನೋಡುವುದಕ್ಕೆ.