ದುಂಡು, ಯು, ವಿ: ಹಳೆಯ ಫ್ಲೋಟ್ ಟ್ಯೂಬ್ ಮಾರಿ ಹೊಸದನ್ನು ಆರಿಸಿಕೊಂಡದ್ದು

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ, ಅಮೆರಿಕದ ಸಿಯಾಟಲ್ ಬಳಿಯ ರ‍್ಯಾಟಲ್‌ಸ್ನೇಕ್ ಸರೋವರದ ದಡಕ್ಕೆ ಮರಳುವಾಗ ಮೊಣಕಾಲುದ್ದದ ನೀರಿನಲ್ಲಿ ಮುಗ್ಗರಿಸಿ ಬಿದ್ದೆ. ಕಾಲಿಗೆ ಕಟ್ಟಿದ್ದ ರಬ್ಬರ್ ಫಿನ್ ಎರಡು ಕಲ್ಲುಗಳ ಸಂದಿಗೆ ಸಿಕ್ಕಿತ್ತು. ಸೊಂಟದ ಸುತ್ತ ಉಬ್ಬಿದ ದುಂಡು ಟ್ಯೂಬ್ ಇದ್ದುದರಿಂದ ಕೈ ನೆಲಕ್ಕೆ ತಾಗಲಿಲ್ಲ. ಎದ್ದು ನಿಲ್ಲಲು ಹೊರಟರೆ ಟ್ಯೂಬ್ ಬೆನ್ನ ಕಡೆಯಿಂದ ಮೇಲೆದ್ದು ಮುಖವನ್ನು ನೀರಿಗೆ ಒತ್ತುತ್ತಿತ್ತು. ಎದೆಯವರೆಗಿನ ವೇಡರ್ ಉಡುಪಿನೊಳಗೆ ಹಿಮ ಕರಗಿದ ನೀರು ಇಳಿಯತೊಡಗಿತು. ದಡದಲ್ಲಿದ್ದ ಹೆಂಡತಿ ಓಡಿಬಂದು ಹಿಂದಿನ ಪಟ್ಟಿ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ. ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತನಾಡಲಿಲ್ಲ. ಹನ್ನೊಂದು ವರ್ಷ ಬಳಸಿದ ಆ ಟ್ಯೂಬನ್ನು ಕೊಟ್ಟುಬಿಡುವುದೆಂದು ಆ ಸಂಜೆಯೇ ನಿಶ್ಚಯಿಸಿದೆ.

ಈ ಸಾಧನವನ್ನು ಕಾಣದವರಿಗಾಗಿ ಒಂದೆರಡು ಮಾತು. ಫ್ಲೋಟ್ ಟ್ಯೂಬ್ ಎಂದರೆ ಒಬ್ಬರೇ ಕುಳಿತು ಗಾಳ ಹಾಕುವ, ಗಾಳಿ ತುಂಬಿದ ತೇಲುಕುರ್ಚಿ. ಹುಟ್ಟಿಲ್ಲ, ಮೋಟಾರಿಲ್ಲ. ಫಿನ್ ಕಟ್ಟಿದ ಕಾಲುಗಳಿಂದ ಒದೆಯುತ್ತಾ ಹಿಮ್ಮುಖವಾಗಿ ಸಾಗಬೇಕು. ಎರಡು ಕೈಗಳೂ ಗಾಳದ ಕೋಲಿಗೇ ಮೀಸಲಾಗಿ ಉಳಿಯುತ್ತವೆ, ಅದರ ಸೊಗಸೇ ಅದು. ಸಿಯಾಟಲ್ ಸುತ್ತಮುತ್ತ ಪೆಟ್ರೋಲ್ ಎಂಜಿನ್‌ಗೆ ಅನುಮತಿಯಿಲ್ಲದ ಸಣ್ಣ ಸರೋವರಗಳು ಹಲವು ಇರುವುದರಿಂದ ಇಲ್ಲಿ ಟ್ರೌಟ್ ಹಿಡಿಯುವವರ ಕಾರಿನ ಹಿಂಬದಿಯಲ್ಲಿ ಇದು ಸಾಮಾನ್ಯವಾಗಿ ಕಾಣುತ್ತದೆ.

ನನ್ನದು ಹಳೆಯ ಮಾದರಿ: ಲಾರಿ ಟ್ಯೂಬಿನಂಥ ದುಂಡು ಒಳಟ್ಯೂಬು, ಅದಕ್ಕೆ ನೈಲಾನ್ ಹೊದಿಕೆ, ನಡುವೆ ಕಾಲು ತೂರಿಸಲು ಎರಡು ಕಂಡಿಗಳಿರುವ ಜೋಲಿ. ಸಾಗರದ ಕಡೆಯ ಕೆರೆಯೊಂದರಲ್ಲಿ ಪಂಕ್ಚರ್ ಅಂಗಡಿಯಿಂದ ತಂದ ಲಾರಿ ಟ್ಯೂಬಿನ ಮೇಲೆ ಈಜು ಕಲಿತ ನನಗೆ ಅದನ್ನು ಮೊದಲು ಕಂಡಾಗ ಹಳೆಯ ನಂಟನೇ ಸಿಕ್ಕಂತಾಗಿತ್ತು. ರ‍್ಯಾಟಲ್‌ಸ್ನೇಕ್ ಸರೋವರವೂ ಅಷ್ಟೇ. ಸೀಡರ್ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ನೆಲದಡಿಯಿಂದ ಜಿನುಗಿ, 1915ರಲ್ಲಿ ಮಾಂಕ್ಟನ್ ಎಂಬ ಊರು ನಿಧಾನವಾಗಿ ಮುಳುಗಿದ ಜಾಗ ಅದು. ನೀರು ಇಳಿದಾಗ ದೈತ್ಯ ಮರಗಳ ಬೊಡ್ಡೆಗಳು ಎದ್ದು ನಿಲ್ಲುತ್ತವೆ. ಬೇಸಿಗೆಯಲ್ಲಿ ಶರಾವತಿ ಹಿನ್ನೀರಿನ ಒಣಬೊಡ್ಡೆಗಳನ್ನು ನೋಡಿ ಬೆಳೆದವನಿಗೆ ಅವುಗಳ ನಡುವೆ ತೇಲುವಾಗ ಆಗುವ ಸಂಕಟ ಬೇರೆಯೇ. ಹೊಸದನ್ನು ಆರಿಸಲು ದುಂಡು, ಯು, ವಿ ಆಕಾರದ ಟ್ಯೂಬುಗಳನ್ನು ನಾನು ಹೋಲಿಸಿ ನೋಡಿದ್ದು ಬಹುಪಾಲು ಈ ಬೊಡ್ಡೆಗಳ ಮಧ್ಯೆಯೇ.

ದುಂಡು ಟ್ಯೂಬಿನ ಗುಣಗಳನ್ನು ಮೊದಲು ಹೇಳಿಬಿಡುತ್ತೇನೆ. ತೂಕ ಐದು ಕೆ.ಜಿ.ಗಿಂತ ಕಡಿಮೆ, ಬೆನ್ನಿಗೆ ಹಾಕಿಕೊಂಡು ಕಾಡುದಾರಿಯಲ್ಲಿ ಮೈಲಿಗಟ್ಟಲೆ ನಡೆಯಬಹುದು. ನೀರಿನಲ್ಲಿ ಆಳವಾಗಿ ಕುಳಿತಿರುವುದರಿಂದ ಗಾಳಿ ಅಷ್ಟಾಗಿ ತಳ್ಳುವುದಿಲ್ಲ. ನಿಂತಲ್ಲೇ ತಿರುಗುವುದರಲ್ಲಿ ಹರಿಗೋಲಿನಷ್ಟೇ ಸಲೀಸು. ಆದರೆ ಹರಿಗೋಲಿನ ತೊಂದರೆಯೂ ಇದಕ್ಕಿದೆ: ನೇರವಾಗಿ ಸಾಗುವುದು ಇದರ ಸ್ವಭಾವದಲ್ಲೇ ಇಲ್ಲ. ಒಂದು ಕಾಲು ಸ್ವಲ್ಪ ಜೋರಾಗಿ ಒದ್ದರೂ ಮೂತಿ ತಿರುಗುತ್ತದೆ. ಇವೆಲ್ಲವನ್ನೂ ಸಹಿಸಬಹುದು. ಹತ್ತುವಾಗ ಮತ್ತು ಇಳಿಯುವಾಗ ಅದು ಸೊಂಟಕ್ಕೆ ಬಿಗಿದ ಬಳೆಯಾಗುತ್ತದೆ, ಬಿದ್ದರೆ ಬಿಡಿಸಿಕೊಳ್ಳಲು ದಾರಿಯಿಲ್ಲ. ಫಿನ್ ತೊಟ್ಟು ದಡದಿಂದ ನೀರಿಗೆ ಹಿಮ್ಮುಖವಾಗಿ ಇಡುವ ಹತ್ತು ಹೆಜ್ಜೆ, ಮರಳಿ ಬರುವಾಗಿನ ಹತ್ತು ಹೆಜ್ಜೆ. ಟ್ಯೂಬಿನ ನಿಜವಾದ ಪರೀಕ್ಷೆ ಅಲ್ಲಿ ನಡೆಯುತ್ತದೆ ಎಂದು ತಿಳಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಹೀಗಾಗಿ ಮೊದಲು ಪ್ರಯತ್ನಿಸಿದ್ದು ಯು ಆಕಾರದ್ದನ್ನು, ಗೆಳೆಯರೊಬ್ಬರಿಂದ ಮೂರು ವಾರ ಎರವಲು ಪಡೆದು. ಮುಂಭಾಗ ತೆರೆದಿರುತ್ತದೆ. ಕುರ್ಚಿಯಲ್ಲಿ ಕೂರುವಂತೆ ಹಿಂದಕ್ಕೆ ಕುಳಿತು, ಎದುರಿಗೆ ಒಂದು ಅಡ್ಡಕೋಲು ಸಿಕ್ಕಿಸಿ, ಅದರ ಮೇಲೆ ಜಾಲರಿ ಬಟ್ಟೆ ಹಾಸಿಕೊಂಡರೆ ಆಯಿತು. ಎಳೆದ ಗಾಳದ ದಾರ ಆ ಬಟ್ಟೆಯ ಮೇಲೆ ಬಂದು ಬೀಳುತ್ತದೆ, ಮೀನು ಅಳೆಯಲು ಅದರಲ್ಲೇ ಅಂಗುಲದ ಗುರುತುಗಳಿವೆ. ಇಳಿಯುವುದಂತೂ ಎಷ್ಟು ಸುಲಭವೆಂದರೆ, ಕೊಂಡಿ ಬಿಚ್ಚಿ ಎದ್ದು ನಿಂತರೆ ಟ್ಯೂಬ್ ಹಿಂದೆ ಉಳಿಯುತ್ತದೆ. ಬೆಲೆಯೂ ಹೊಸ ಟ್ಯೂಬುಗಳಲ್ಲಿ ಕಡಿಮೆ. ಬೇಸಿಗೆಯಲ್ಲಿ ಮಾತ್ರ, ಸಣ್ಣ ಕೊಳಗಳಲ್ಲಿ ಗಾಳ ಹಾಕುವವರು ಇದಕ್ಕಿಂತ ಮುಂದೆ ಹೋಗಬೇಕಾಗಿಲ್ಲ.

ನನಗೆ ಒಗ್ಗದಿದ್ದುದು ಚಳಿಯ ಕಾರಣಕ್ಕೆ. ಯು ಟ್ಯೂಬಿನಲ್ಲಿ ಸೊಂಟದವರೆಗೂ ನೀರೊಳಗೇ ಕುಳಿತಿರುತ್ತೇವೆ. ನಾನು ಹೆಚ್ಚು ಹೋಗುವುದು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಆಗ ಒಳಗೆ ಉಣ್ಣೆಯ ಬಟ್ಟೆ ತೊಟ್ಟರೂ ಎರಡು ಗಂಟೆಯ ಮೇಲೆ ತೊಡೆಗಳು ಮರಗಟ್ಟುತ್ತವೆ. ಮರಗಟ್ಟಿದ ಕಾಲಿನಲ್ಲಿ ದಡಕ್ಕೆ ಬಂದರೆ ಹಳೆಯ ಅಪಾಯವೇ ಬೇರೆ ದಾರಿಯಿಂದ ಬಂದಂತಾಯಿತು.

ಮೂರನೆಯದು ವಿ ಆಕಾರ. ಎರಡು ಉದ್ದನೆಯ ಗಾಳಿಕೊಳವೆಗಳು ಬೆನ್ನ ಹಿಂದೆ ಒಂದಾಗಿ ಚೂಪಾಗುತ್ತವೆ, ಕುಳಿತುಕೊಳ್ಳುವ ದಪ್ಪ ಸ್ಪಂಜಿನ ಆಸನ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಮೊಣಕಾಲಿನ ಕೆಳಗೆ ಮಾತ್ರ ನೀರು. ಚಳಿಯ ಪ್ರಶ್ನೆ ಮುಗಿಯಿತು. ಎತ್ತರದಲ್ಲಿ ಕುಳಿತಿರುವುದರಿಂದ ಗಾಳದ ದಾರ ಬೀಸುವಾಗ ಹಿಂದೆ ನೀರಿಗೆ ತಾಗುವುದೂ ತಪ್ಪಿತು. ವೇಗದ ವಿಷಯದಲ್ಲಿ ಅನಿಸಿಕೆಯನ್ನು ನಂಬದೆ ಗಡಿಯಾರ ಹಿಡಿದೆ. ಗಾಳಿಯಿಲ್ಲದ ಬೆಳಗುಗಳಲ್ಲಿ, ದಡದಿಂದ ಒಂದೇ ಬೊಡ್ಡೆಗೆ ಹೋಗಿ ಬರಲು ದುಂಡು ಟ್ಯೂಬಿನಲ್ಲಿ 11 ನಿಮಿಷ, ಯುನಲ್ಲಿ 9, ವಿಯಲ್ಲಿ ಏಳಕ್ಕೂ ಕಡಿಮೆ ಹಿಡಿಯಿತು. ಅದೇ ಕಾಲು, ಅದೇ ಫಿನ್. ಚೂಪು ತುದಿ ನೀರನ್ನು ಸೀಳುತ್ತದೆ, ದುಂಡು ಟ್ಯೂಬ್ ನೀರನ್ನು ತಳ್ಳಿಕೊಂಡು ಹೋಗಬೇಕು.

ಗಾಳಿಯಲ್ಲಿ ಹೇಗೆ ಎಂಬುದಕ್ಕೆ ರ‍್ಯಾಟಲ್‌ಸ್ನೇಕ್ ಉತ್ತರ ಕೊಡುವುದಿಲ್ಲ. ಅದಕ್ಕಾಗಿ ಕ್ಯಾಸ್ಕೇಡ್ ಪರ್ವತಗಳನ್ನು ದಾಟಿ ಡ್ರೈ ಫಾಲ್ಸ್ ಸರೋವರಕ್ಕೆ ಹೋದೆ. ಹಿಮಯುಗದ ಮಹಾಪ್ರವಾಹಗಳು ಧುಮ್ಮಿಕ್ಕಿದ, ಈಗ ಒಣಗಿರುವ ಜಲಪಾತದ ಬುಡ ಅದು. ಸುಮಾರು 400 ಅಡಿ ಎತ್ತರದ ಕಪ್ಪು ಬಂಡೆಗೋಡೆ ಮೂರೂವರೆ ಮೈಲಿ ಅಗಲಕ್ಕೆ ಹಬ್ಬಿದೆ. ಜೋಗ ನೋಡಿ ಬೆಳೆದ ಕಣ್ಣಿಗೂ ಅಲ್ಲಿ ನಿಂತಾಗ ಮಾತು ಹೊರಡಲಿಲ್ಲ. ಎರೆಹುಳು ಮುಂತಾದ ಯಾವ ಎರೆಗೂ ಅಲ್ಲಿ ಅವಕಾಶವಿಲ್ಲ, ಮುಳ್ಳಿಲ್ಲದ ಒಂಟಿಗಾಳ ಮಾತ್ರ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಅಲೆಯೇಳತೊಡಗಿತು. ಅಲ್ಲಿ ವಿ ಟ್ಯೂಬಿನ ದೋಷ ಕಂಡಿತು. ಎತ್ತರದ ಆಸನ, ಅದಕ್ಕಿಂತ ಎತ್ತರದ ಬೆನ್ನೊರಗು, ಎರಡೂ ಸೇರಿ ಹಾಯಿಯಂತೆ ಗಾಳಿ ಹಿಡಿಯುತ್ತವೆ. ಒಂದು ಕಡೆ ನಿಂತು, ಸೊಳ್ಳೆಯನ್ನು ಹೋಲುವ ಕಚ್ಚದ ಹುಳುವಿನ ಮರಿಯಂತೆ ಕಟ್ಟಿದ ಗಾಳವನ್ನು ನಿಶ್ಚಲವಾಗಿ ಇಳಿಬಿಡಬೇಕೆಂದರೆ ಟ್ಯೂಬ್ ಸರಿಯುತ್ತಲೇ ಇತ್ತು. ಒದ್ದು ಮರಳುವಾಗ ಮಾತ್ರ ಅದು ದಾರಿ ತಪ್ಪಲಿಲ್ಲ. ಎದುರುಗಾಳಿಯಲ್ಲಿ ಅರ್ಧ ಗಂಟೆ ಒದ್ದು, ಬೇಕೆಂದ ದಡಕ್ಕೇ ಬಂದು ಮುಟ್ಟಿದೆ. ದುಂಡು ಟ್ಯೂಬಿನಲ್ಲಿ ಹಿಂದೊಮ್ಮೆ ಅಲ್ಲೇ ಇಂಥದೇ ಗಾಳಿಗೆ ಸಿಕ್ಕಿ, ಬೇರೆ ದಡ ಸೇರಿ, ಬಂಡೆಗಳ ಮೇಲೆ ಅದನ್ನು ಹೊತ್ತು ನಡೆದಿದ್ದೆ. ನಿಂತು ಗಾಳ ಹಾಕುವ ಸುಖಕ್ಕಿಂತ ಮರಳಿ ಬರುವ ಭರವಸೆ ಹೆಚ್ಚಿನದು ಎಂದು ನನ್ನ ಮನಸ್ಸು ವಿ ಕಡೆಗೆ ವಾಲಿದ್ದು ಆ ಅರ್ಧ ಗಂಟೆಯಲ್ಲಿ. ನಿಲ್ಲುವ ಸಮಸ್ಯೆಗೆ ಈಗ ಹಗ್ಗಕ್ಕೆ ಕಟ್ಟಿದ ಒಂದೂವರೆ ಕೆ.ಜಿ. ಲಂಗರು ಇಟ್ಟುಕೊಂಡಿದ್ದೇನೆ, ಗಾಳಿ ಜೋರಾದರೆ ಅದನ್ನು ಎತ್ತಿಬಿಡುತ್ತೇನೆ.

ಉಕ್ಕಿನ ಚೌಕಟ್ಟಿಗೆ ಎರಡು ತೇಲುಕೊಳವೆ ಕಟ್ಟಿ, ಹುಟ್ಟುಗಳಿಂದ ನಡೆಸುವ ಪಾಂಟೂನ್ ದೋಣಿಯನ್ನೂ ಒಂದು ದಿನ ನೋಡಿದೆ. ಮೂವತ್ತು ಕೆ.ಜಿ.ಯ ಹತ್ತಿರದ ತೂಕ, ಜೋಡಿಸಲು ಅರ್ಧ ಗಂಟೆ, ನಮ್ಮದು ಮೂರನೇ ಮಹಡಿಯ ಮನೆ. ಹುಟ್ಟು ಹಾಕುವಾಗ ಕೈಯಲ್ಲಿ ಗಾಳವೂ ಇರಲಾರದು. ನದಿಗೆ ಇಳಿಯುವವರಿಗೆ ಅದೇ ಸರಿ. ಹರಿಯುವ ನೀರಿನಲ್ಲಿ ಫ್ಲೋಟ್ ಟ್ಯೂಬನ್ನು, ಅದು ಯಾವ ಆಕಾರದ್ದೇ ಆಗಿರಲಿ, ಬಳಸಲೇಬಾರದು. ಕೆಳಗೆ ಇಳಿಬಿದ್ದ ಕಾಲು ಮರದ ತುಂಡಿಗೋ ಬಂಡೆಗೋ ಸಿಕ್ಕಿದರೆ ಪ್ರವಾಹ ಮೇಲಿನಿಂದ ಒತ್ತುತ್ತದೆ.

ಕೊಳ್ಳುವಾಗ ಆಕಾರದಷ್ಟೇ ಗಮನ ಕೊಟ್ಟದ್ದು ಒಳಚೀಲಕ್ಕೆ. ವಿನೈಲ್ ಚೀಲ ಅಗ್ಗ, ಚಳಿಯಲ್ಲಿ ಬಿರುಸಾಗುತ್ತದೆ. ಯುರೆಥೇನ್ ಹಗುರ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ನಾನು ಯುರೆಥೇನ್ ಆರಿಸಿದೆ. ಎರಡು ಕೊಳವೆಗಳಿಗೂ ಬೇರೆ ಬೇರೆ ಚೀಲವಿದ್ದು, ಒಂದರಲ್ಲಿ ಗಾಳಿ ಹೋದರೂ ಇನ್ನೊಂದು ತೇಲಿಸುವಂತಿರಬೇಕು ಎಂಬುದು ಹೆಂಡತಿ ಹಾಕಿದ ಷರತ್ತು, ಅದು ನ್ಯಾಯವಾದದ್ದೇ. ಗಾಳಿ ತುಂಬಿದ ಟ್ಯೂಬನ್ನು ಬಿಸಿಲಿನಲ್ಲಿ ದಡದ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ತಣ್ಣನೆಯ ನೀರಿಗೆ ಇಳಿಸಿದ ಮೇಲೆ ಅದು ಸ್ವಲ್ಪ ಮೆತ್ತಗಾಗುವುದೂ ಸಹಜ, ಸೋರಿಕೆ ಎಂದು ಗಾಬರಿಯಾಗಬೇಕಿಲ್ಲ.

ಇನ್ನು ಹಳೆಯದರ ಮಾರಾಟ. ಮೊದಲು ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಹೊದಿಕೆ ಬಿಚ್ಚಿ ವಾರವಿಡೀ ಒಣಗಿಸಿದೆ. 2023ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಐಡಾಹೋ ರಾಜ್ಯದ ಸ್ನೇಕ್ ನದಿಯಲ್ಲಿ, ಒದ್ದೆ ಸಾಮಾನಿನೊಂದಿಗೆ ಹರಡಿ ಹೊಸ ನೀರನ್ನು ಆಕ್ರಮಿಸುವ ಕ್ವಾಗಾ ಎಂಬ ಹೊರಗಿನ ಚಿಪ್ಪುಜೀವಿ ಪತ್ತೆಯಾದ ಮೇಲೆ, ಒದ್ದೆ ಸಾಮಾನನ್ನು ಒಂದು ನೀರಿನಿಂದ ಇನ್ನೊಂದಕ್ಕೆ ದಾಟಿಸುವುದು ಎಷ್ಟು ದೊಡ್ಡ ತಪ್ಪೆಂದು ಇಲ್ಲಿ ಗಾಳ ಹಾಕುವವರೆಲ್ಲರಿಗೂ ಗೊತ್ತು. ಆಮೇಲೆ ಸಾಬೂನು ನೀರು ಸವರಿ ಸೋರಿಕೆ ಹುಡುಕಿದೆ. ವಾಲ್ವಿನ ಬುಡದಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಜೋಲಿಯ ಎಡಗಡೆ ಹೊಲಿಗೆಯೂ ಸಡಿಲವಾಗಿತ್ತು. ಎರಡನ್ನೂ ಜಾಹೀರಾತಿನಲ್ಲೇ ಬರೆದು ನಲವತ್ತು ಡಾಲರ್ ಎಂದೆ.

ಮೊದಲು ಬಂದವರು ಹದಿಮೂರು ವರ್ಷದ ಮಗನಿಗಾಗಿ ಕೇಳಿದರು. ನಾನು ಬಿದ್ದ ಸಂಗತಿಯನ್ನು ಪೂರ್ತಿ ಹೇಳಿ, ಹುಡುಗನಿಗೆ ಯು ಆಕಾರದ್ದೇ ಕೊಡಿಸಿ ಎಂದೆ. ಅವರು ಕೈಕುಲುಕಿ ಹೋದರು. ಎರಡನೆಯವರು ಎಪ್ಪತ್ತು ದಾಟಿದ ಬಡಗಿ, ಇಂಥದೇ ಟ್ಯೂಬಿನಲ್ಲಿ ಮೂವತ್ತು ವರ್ಷ ಕಳೆದವರು. ಅವರ ಹೊದಿಕೆ ಹರಿದುಹೋಗಿತ್ತು, ಒಳಟ್ಯೂಬು ಗಟ್ಟಿಯಾಗಿತ್ತು. ಅವರಿಗೆ ಬೇಕಾಗಿದ್ದುದು ನನ್ನ ಹೊದಿಕೆ ಮಾತ್ರ. ಹಿಂದಿನ ಸಂಜೆಯೇ ಗಾಳಿ ತುಂಬಿ ಇಟ್ಟಿದ್ದೆ, ಬೆಳಿಗ್ಗೆಗೆ ಎಷ್ಟು ಇಳಿದಿದೆ ಎಂದು ಅವರೇ ಒತ್ತಿ ನೋಡಲಿ ಎಂದು. ಅವರು ಅದನ್ನು ಬಿಟ್ಟು ಹೊಲಿಗೆಯ ಮೇಲೆ ಬೆರಳಾಡಿಸಿದರು, ದಪ್ಪ ನೂಲಿನಲ್ಲಿ ತಾವೇ ಹಾಕಿಕೊಳ್ಳುವುದಾಗಿ ಹೇಳಿದರು. ಇಪ್ಪತ್ತೈದು ಡಾಲರಿಗೆ ಕೊಟ್ಟೆ. ನೀವು ದಡ ಸೇರುವಾಗ ಬೀಳದಿರಲು ಏನು ಮಾಡುತ್ತೀರಿ ಎಂದು ಕೇಳಿದೆ. ಸೊಂಟದುದ್ದದ ನೀರಿನಲ್ಲೇ ನಿಂತು, ಮೊದಲು ಫಿನ್ ಬಿಚ್ಚಿ, ಆಮೇಲೆ ನಡೆದು ಬರುತ್ತೇನೆ ಎಂದರು. ಹೊಸ ವಿ ಟ್ಯೂಬಿನಲ್ಲಿ ಅದರ ಅಗತ್ಯವಿಲ್ಲ. ಆದರೂ ಕಳೆದ ಶನಿವಾರ ಪಾಸ್ ಸರೋವರದಲ್ಲಿ ಹಾಗೆಯೇ ಮಾಡಿದೆ, ದಡದಲ್ಲಿ ಹೆಂಡತಿ ನೋಡುತ್ತಿದ್ದಳು.